ದೊಡ್ಡಪ್ಪನ 1977ರ ಕಾಗದ: ಯುರೇನಸ್ಸಿನ ಆ 'ಹೊಸ ಚಂದ್ರ' ಏನಾಯ್ತು?

ಹಳೇಪೇಟೆ ಹುಡುಗಿ, ದಾವಣಗೆರೆ:
ನಮ್ಮ ದೊಡ್ಡಪ್ಪ ಡಿಗ್ರಿ ಮುಗಿಸಿದ ಮೇಲೆ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಕೆಲಸಕ್ಕೆ ಸೇರಿದ್ದರು. ಆಗ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು ಟ್ರಂಕಿನಲ್ಲಿ ಸಿಕ್ಕಿವೆ. ಜಾಸ್ತಿ ಊಟದ್ದೇ ಸುದ್ದಿ. "ಅವ್ವ, ಶೇಂಗಾ ಚಟ್ನಿಪುಡಿ ಕಳಿಸು. ಇಲ್ಲಿ ರೊಟ್ಟಿಯ ಹೆಸರೇ ಇಲ್ಲ." ಹಗಲೆಲ್ಲ ಮಲಗುತ್ತೇನೆ ಅಂತ ಬರೆದದ್ದಕ್ಕೆ ಅಜ್ಜ ಸಿಟ್ಟಾಗಿದ್ದರು ಅನ್ನಿಸುತ್ತೆ. ಮುಂದಿನ ಕಾಗದದಲ್ಲಿ ಸಮಜಾಯಿಷಿ ಇದೆ: "ನಮ್ಮದೂ ಕಾಟನ್ ಮಿಲ್ಲಿನ ರಾತ್ರಿ ಪಾಳಿ ಇದ್ದ ಹಾಗೆ ಅಂತ ಅಪ್ಪನಿಗೆ ಹೇಳು."

ಎರಡು ವಿಷಯ ಅರ್ಥವಾಗಲಿಲ್ಲ. "ನಕ್ಷತ್ರ ತಂತಿಯಿಂದ ಜಾರದಂತೆ ರಾತ್ರಿಯೆಲ್ಲ ಕಾಯ್ದೆ" ಅಂದರೆ ಏನು? 1977ರ ಮಾರ್ಚ್‌ನಲ್ಲಿ "ಯುರೇನಸ್ಸಿಗೆ ಹೊಸ ಚಂದ್ರ ಸಿಕ್ಕಿರಬಹುದು, ಇಲ್ಲಿ ಎಲ್ಲರಿಗೂ ಖುಷಿ" ಅಂತ ಬರೆದಿದ್ದಾರೆ. ಆಮೇಲೆ ಆ ಚಂದ್ರನ ಮಾತೇ ಇಲ್ಲ. ಕೇಳೋಣ ಅಂದರೆ ದೊಡ್ಡಪ್ಪ ಈಗಿಲ್ಲ.

ರಾತ್ರಿಪಾಳಿ:
ತಂತಿಯದು ಸುಲಭ. ಭೂಮಿ ತಿರುಗುತ್ತೆ, ನಕ್ಷತ್ರ ಸರಿಯುತ್ತೆ. ದೂರದರ್ಶಕವನ್ನು ಮೋಟಾರು ಅದರ ಹಿಂದೆ ತಿರುಗಿಸಿದರೂ ಚೂರು ತಪ್ಪುತ್ತೆ. ಒಬ್ಬರು ಕಣ್ಣಿಟ್ಟು, ನಕ್ಷತ್ರ ದೂರದರ್ಶಕದೊಳಗೆ ಕಾಣುವ ಅಡ್ಡ-ಉದ್ದ ತಂತಿ ಕೂಡುವ ಜಾಗದಲ್ಲೇ ಇರುವಂತೆ ಗುಂಡಿ ಒತ್ತಿ ಸರಿಪಡಿಸುತ್ತಿರಬೇಕು. ಕುತ್ತಿಗೆ ಹಿಡಿದುಹೋಗುತ್ತೆ!

ಚಂದ್ರನ ಕಥೆ ದೊಡ್ಡದು. 1977 ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಕಾವಲೂರಿನ 1 ಮೀಟರ್ ದೂರದರ್ಶಕವೂ ಅದನ್ನೇ ನೋಡುತ್ತಿತ್ತು. ಗ್ರಹ ಇನ್ನೂ ದೂರ ಇರುವಾಗಲೇ ನಕ್ಷತ್ರ ಕೆಲವು ಸೆಕೆಂಡ್ ಮಂಕಾಯಿತು. ಯುರೇನಸ್ಸಿನ ಯಾವುದೋ ಹೊಸ ಚಂದ್ರ ಅಡ್ಡ ಬಂತು ಅಂದುಕೊಂಡರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕದವರಿಗೆ ಗ್ರಹದ ಆಚೆ ಈಚೆ ಎರಡೂ ಕಡೆ, ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಕ್ಷತ್ರ ಮಂಕಾಗಿದ್ದು ಕಂಡಿತು. ಚಂದ್ರ ಹಾಗೆ ಎರಡೂ ಕಡೆ ಸಿಗಲ್ಲ ಅಲ್ವಾ? ಅದು ಉಂಗುರ. ಅಲ್ಲಿಯವರೆಗೆ ಉಂಗುರ ಶನಿಗೆ ಮಾತ್ರ ಅಂತಿತ್ತು.

ಹಳೇಪೇಟೆ ಹುಡುಗಿ:
ಓಹ್! ಏಪ್ರಿಲ್ ಕಾಗದದಲ್ಲಿ "ಆ ಸುದ್ದಿ ಯಾರಿಗೂ ಹೇಳಬೇಡವ್ವ, ಲೆಕ್ಕ ಬೇರೆ ಆಗ್ತಿದೆ" ಅಂತಿದೆ. ದುಡ್ಡಿನ ಲೆಕ್ಕ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜಿ ಓಣಿಗೆಲ್ಲ ಹೇಳಿ ಆಗಿತ್ತಂತೆ, ಅಮ್ಮ ನಗ್ತಿದ್ದಾರೆ. ಕಾಗದ ಮಡಿಕೆಯಲ್ಲಿ ಹರಿಯುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ?

ದುರ್ಗದ ಮೇಷ್ಟ್ರು:
ಬೇಡಮ್ಮ. ಒಮ್ಮೆ ಮಾಡಿಸಿದರೆ ಬಿಡಿಸೋಕಾಗಲ್ಲ. ಸೆಲ್ಲೋಟೇಪೂ ಹಚ್ಚಬೇಡ. ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸು. ಆ ಏಪ್ರಿಲ್ ಕಾಗದ ಇಲ್ಲೂ ಹಾಕು, ನಮ್ಮ ಹುಡುಗರಿಗೆ ತೋರಿಸಬೇಕು.