ಪಾಸ್‌ಪೋರ್ಟಿನಲ್ಲಿ ಒಂದು ಊರು, ಮಂಡಪಂ ಕಾರ್ಡಿನಲ್ಲಿ ಇನ್ನೊಂದು. ಯಾವುದು ಸರಿ?

ರಬ್ಬರ್‌ಕಾಡು:
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ತಲೆ ಕೆಟ್ಟು ಹೋಗಿದೆ, ಸ್ವಲ್ಪ ಸಹಾಯ ಮಾಡಿ.

ನಮ್ಮ ತಾತ, ಪಾಟಿ (ಅಜ್ಜಿಗೆ ನಮ್ಮ ಮನೆಯಲ್ಲಿ ಹಾಗೇ ಅನ್ನೋದು) ಸಿಲೋನಿನ ಟೀ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಶಾಸ್ತ್ರಿ-ಸಿರಿಮಾವೋ ಒಪ್ಪಂದದ (ಸಿಲೋನಿನ ತೋಟದ ತಮಿಳರಲ್ಲಿ ಒಂದು ಪಾಲು ಜನರನ್ನು ಭಾರತಕ್ಕೆ ವಾಪಸ್ ಕಳಿಸುವ 1964ರ ಒಪ್ಪಂದ) ಲೆಕ್ಕದಲ್ಲಿ 1973ರಲ್ಲಿ ಹಡಗು ಹತ್ತಿ ಬಂದರು. ಸುಳ್ಯದ ಕಡೆ ರಬ್ಬರ್ ಪ್ಲಾಂಟೇಶನ್‌ನಲ್ಲಿ ಇಬ್ಬರಿಗೂ ಟ್ಯಾಪಿಂಗ್ (ಮರ ಕೆತ್ತಿ ಹಾಲು ತೆಗೆಯುವ) ಕೆಲಸ ಸಿಕ್ಕಿತು. ಅಪ್ಪ ಬೆಳೆದಿದ್ದು ಆ ಕಾಲನಿಯಲ್ಲೇ. ನಾನೀಗ ಬೆಂಗಳೂರಲ್ಲಿ.

ಪಾಟಿ ಹೋದ ಮೇಲೆ ಅವರ ಟ್ರಂಕು ತೆಗೆದೆವು. ಎರಡು ಕಾಗದ ಸಿಕ್ಕಿತು. ಒಂದು, ಕ್ಯಾಂಡಿಯಲ್ಲಿ ಕೊಟ್ಟ ಭಾರತದ ಪಾಸ್‌ಪೋರ್ಟ್. ತಾತ-ಪಾಟಿ ಇಬ್ಬರೂ ಒಂದೇ ಫೋಟೋದಲ್ಲಿದ್ದಾರೆ. ಅದರಲ್ಲಿ ತಾತ ಹುಟ್ಟಿದ್ದು ಮಸ್ಕೆಲಿಯ ಅಂತ ಇದೆ, ಅದು ಸಿಲೋನಿನ ಟೀ ತೋಟಗಳ ಕಡೆಯ ಊರು. ಇನ್ನೊಂದು, ಮಂಡಪಂ ಕ್ಯಾಂಪಿನಲ್ಲಿ (ಸಿಲೋನಿನಿಂದ ಬಂದವರನ್ನು ಮೊದಲು ಇಳಿಸಿಕೊಳ್ಳುತ್ತಿದ್ದ, ರಾಮೇಶ್ವರದ ಹತ್ತಿರದ ಕ್ಯಾಂಪು) ಕೊಟ್ಟ ಫ್ಯಾಮಿಲಿ ಕಾರ್ಡು. ಅದರಲ್ಲಿ ಊರು ತಿರುಚ್ಚಿ ಜಿಲ್ಲೆ, ಮುಸಿರಿ ತಾಲ್ಲೂಕು ಅಂತ ಬರೆದು ಆಮೇಲೆ ಹಳ್ಳಿ ಹೆಸರು. ಅದನ್ನು ಜಿರಲೆ ತಿಂದಿದೆ, ಕೊನೆಯ 'ಪಟ್ಟಿ' ಮಾತ್ರ ಉಳಿದಿದೆ. ತಮಿಳುನಾಡಿನಲ್ಲಿ ಪಟ್ಟಿ ಅಂತ ಮುಗಿಯುವ ಊರು ಎಷ್ಟಿಲ್ಲ ಹೇಳಿ!

ಸಾಲದ್ದಕ್ಕೆ ಪಾಟಿ ಸಾಯುವ ತನಕ ಹೇಳುತ್ತಿದ್ದ ಮಾತು, "ನಮ್ಮ ಊರು ತಣ್ಣಿಕ್ಕುಳ್ಳೆ ಪೋಚ್ಚು." ನೀರೊಳಗೆ ಹೋಯ್ತು. ಹಾಗಾದರೆ ರಾಮೇಶ್ವರದ ತುದಿಯ, ಸಮುದ್ರ ನುಂಗಿದ ಧನುಷ್ಕೋಡಿ ಅಂತ ನಾವೆಲ್ಲ ಅಂದುಕೊಂಡೆವು. ಹೋದ ವರ್ಷ ಅಲ್ಲಿಗೆ ಹೋಗಿ ಎರಡು ದಿನ ಸುತ್ತಿದೆ. ಬಿಸಿಲಿಗೆ ಕಪ್ಪಾಗಿದ್ದು ಬಿಟ್ಟರೆ ಏನೂ ಸಿಗಲಿಲ್ಲ. ಒಂದು ಕಚೇರಿಯಲ್ಲಿ ವಿಚಾರಿಸಿದರೆ, ಎರಡರಲ್ಲಿ ಒಂದು ಸುಳ್ಳು, ಅಫಿಡವಿಟ್ ಮಾಡಿಸಿಬಿಡಿ ಅಂದರು. ಯಾವುದು ಸುಳ್ಳು?

ವಂಶವೃಕ್ಷ_ಹುಚ್ಚ:
ಡಿಎನ್‌ಎ ಕಿಟ್ ತರಿಸಿ ಸರ್. ಎಂಜಲು ಕಳಿಸಿದರೆ ಸಾಕು.

ರಬ್ಬರ್‌ಕಾಡು:
ಎಂಜಲು ನೋಡಿ ಹಳ್ಳಿ ಹೆಸರು ಹೇಳ್ತಾರಾ? ದೂರದ ಕಸಿನ್ ಯಾರಾದರೂ ಸಿಗಬಹುದು, ಆದರೆ ಅವರೂ ಟೆಸ್ಟ್ ಮಾಡಿಸಿರಬೇಕಲ್ವಾ.

ಪುತ್ತೂರಜ್ಜ:
ಅಫಿಡವಿಟ್ ಮಾಡಿಸಬೇಡಿ ಮಾರಾಯ್ರೆ! ಎರಡೂ ನಿಜವೇ. ಒಂದು ಹುಟ್ಟಿದ ಊರು, ಇನ್ನೊಂದು ಹಿರಿಯರ ಊರು. ಸಿಲೋನಿನಿಂದ ಬಂದ ಹೆಚ್ಚಿನವರ ಕಾಗದ ಹೀಗೇ ಉಂಟು. ನಾನು ಆ ಕಾಲನಿಗಳ ಜನರ ಜೊತೆಯೇ ಕೆಲಸ ಮಾಡಿದವ, ಇಂಥ ಕಾರ್ಡು ಸುಮಾರು ನೋಡಿದ್ದೇನೆ.

ಇನ್ನು ನೀರಿನ ವಿಷಯ. ಧನುಷ್ಕೋಡಿಯನ್ನು ತಲೆಯಿಂದ ತೆಗೆಯಿರಿ. ಅದು 1964ರ ಡಿಸೆಂಬರ್ ಚಂಡಮಾರುತಕ್ಕೆ ಹೋದದ್ದು. ಮುಸಿರಿಗೂ ಸಮುದ್ರಕ್ಕೂ ಏನು ಸಂಬಂಧ? ನಿಮ್ಮ ಪಾಟಿ ಹೇಳಿದ್ದು ಮಸ್ಕೆಲಿಯದ್ದೇ ಇರಬೇಕು. 1960ರ ದಶಕದ ಕೊನೆಗೆ ಅಲ್ಲಿ ಮೌಸಾಕೆಲೆ ಅಂತ ಅಣೆಕಟ್ಟು ಕಟ್ಟಿದರು, ಹಳೆ ಮಸ್ಕೆಲಿಯ ಪೇಟೆ ಪೂರ್ತಿ ಮುಳುಗಿತು. ಈಗಿನ ಪೇಟೆ ಮೇಲೆ ಹೊಸದಾಗಿ ಕಟ್ಟಿದ್ದು. ನೀರು ತುಂಬ ಇಳಿದಾಗ ಹಳೆ ಕೋವಿಲು (ಗುಡಿ) ಹೊರಗೆ ಕಾಣುತ್ತದೆ. ತೋಟದವರು ಸಂಬಳದ ದಿನ ಸಾಮಾನು ತರಲಿಕ್ಕೆ ಇಳಿಯುವ ಪೇಟೆ ಅಲ್ಲವಾ, ಅದನ್ನೇ "ನಮ್ಮ ಊರು" ಅಂದಿರುತ್ತಾರೆ.

ತೋಟದ ಹೆಸರು ಹುಡುಕುವಾಗ ಒಂದು ಜಾಗ್ರತೆ. ಕಾಗದದಲ್ಲಿ ಇಂಗ್ಲಿಷ್ ಹೆಸರು ಇರುತ್ತದೆ, ಕೂಲಿಯವರು ಕರೆಯುವ ತಮಿಳು ಹೆಸರೇ ಬೇರೆ. ಎಷ್ಟೋ ಸಲ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಹಳೆ ಫರ್ಗ್ಯೂಸನ್ ಡೈರೆಕ್ಟರಿಯ (ಸಿಲೋನಿನ ತೋಟಗಳ ವಿವರ ಇರುವ ಪುಸ್ತಕ) ಸ್ಕ್ಯಾನ್ ಸಿಕ್ಕಿದರೆ ಮಸ್ಕೆಲಿಯ ಭಾಗದ ತೋಟಗಳ ಪಟ್ಟಿ ನೋಡಿ.

ಈಗ ಮುಖ್ಯ ಕೆಲಸ. ನಿಮ್ಮ ಅಪ್ಪ ಅಲ್ಲೇ ಹುಟ್ಟಿದವರು ತಾನೆ? ಅವರ ಶ್ರೀಲಂಕಾ ಜನನ ಪತ್ರ ತೆಗೆಸಿ. ತೋಟದಲ್ಲಿ ಮಗು ಹುಟ್ಟಿದರೆ ಸೂಪರಿಂಟೆಂಡೆಂಟ್ ವರದಿ ಕೊಡಬೇಕಿತ್ತು, ಹಾಗಾಗಿ ದಾಖಲೆ ಇರುವ ಸಾಧ್ಯತೆ ಜಾಸ್ತಿ. ಆ ಪತ್ರದಲ್ಲಿ ನಮ್ಮಲ್ಲಿಲ್ಲದ ಒಂದು ಕಾಲಂ ಉಂಟು. ಮಗುವಿನ ಅಜ್ಜ ಲಂಕೆಯಲ್ಲಿ ಹುಟ್ಟಿದ್ದರೆ ಅವನ ಹೆಸರು, ಹುಟ್ಟಿದ ವರ್ಷ, ಊರು. 1948ರ ಪೌರತ್ವ ಕಾಯ್ದೆಯಲ್ಲಿ ಅಪ್ಪ, ಅಜ್ಜ ಎಲ್ಲಿ ಹುಟ್ಟಿದ್ದು ಅಂತಲೇ ಕೇಳಿ ಲಕ್ಷಗಟ್ಟಲೆ ತೋಟದ ಜನರನ್ನು ಹೊರಗಿಟ್ಟರಲ್ಲ, ಅದೇ ಪ್ರಶ್ನೆ. ಅವರನ್ನು ಓಡಿಸಿದ ಪ್ರಶ್ನೆಯೇ ಈಗ ನಿಮಗೆ ದಾರಿ ತೋರಿಸುತ್ತದೆ, ನೋಡಿ. ಆ ಕಾಲಂ ಖಾಲಿ ಇದ್ದರೆ ಬೇಜಾರು ಬೇಡ. ತಾತನ ಅಪ್ಪ ಇಂಡಿಯಾದಲ್ಲಿ ಹುಟ್ಟಿ ಹಡಗು ಹತ್ತಿದವರು ಅಂತ ಅರ್ಥ ಮಾಡಿಕೊಳ್ಳಬಹುದು.

ಕಾರ್ಡಿಗೆ ಒಂದು ಉಪಾಯ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ ಮುಂದಿನ ಹಾಳೆಯಲ್ಲಿ ಅಚ್ಚು ಬಿದ್ದಿರುತ್ತದೆ. ಕೋಣೆ ಕತ್ತಲೆ ಮಾಡಿ ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಪೆನ್ಸಿಲ್ ಉಜ್ಜಬೇಡಿ ದಯವಿಟ್ಟು.

ಕೊನೆಯದಾಗಿ, ಕಾಲನಿಯಲ್ಲಿ ವಯಸ್ಸಾದ ಹೆಂಗಸರನ್ನು ಕೇಳಿ. ಊರು ಯಾವುದು ಅಂತ ಕೇಳಬೇಡಿ, ಸುಳ್ಯ ಅಂತಾರೆ. ಕುಲದೈವ ಯಾವುದು, ಗುಡಿ ಎಲ್ಲಿ ಅಂತ ಕೇಳಿ. ಮೂರು ತಲೆಮಾರು ಸಮುದ್ರದ ಆಚೆ ಇದ್ದರೂ ಮಗುವಿನ ತಲೆ ಬೋಳಿಸುವಾಗ ಆ ಹೆಸರು ಬಾಯಿಗೆ ಬರುತ್ತದೆ.

ವಂಶವೃಕ್ಷ_ಹುಚ್ಚ:
ಅಜ್ಜರಿಗೆ ಅಡ್ಡಬಿದ್ದೆ. ನನ್ನ ಎಂಜಲು ಸಲಹೆ ವಾಪಸ್.

ರಬ್ಬರ್‌ಕಾಡು: (ಎರಡು ತಿಂಗಳ ನಂತರ)
ತಡವಾಗಿದ್ದಕ್ಕೆ ಕ್ಷಮಿಸಿ. ಅಪ್ಪನ ಪತ್ರ ಬಂತು. ನಿಜವಾದ ತಾರೀಖು ಗೊತ್ತಿರಲಿಲ್ಲ, ಶಾಲೆಗೆ ಹಾಕುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ. ಹಾಗಾಗಿ ಒಂದೆರಡು ವರ್ಷದ ಅವಧಿ ಕೊಟ್ಟು ಹುಡುಕಿಸಬೇಕಾಯಿತು. ಅಜ್ಜನ ಕಾಲಂನಲ್ಲಿ ಬರೀ ಒಂದು ಗೀಟು. ಅಂದರೆ ಇಂಡಿಯಾದಿಂದ ಸಿಲೋನಿಗೆ ಹೋದವರು ತಾತನ ಅಪ್ಪ.

ಟಾರ್ಚ್ ಉಪಾಯಕ್ಕೆ ಹೆಂಡತಿ ನಕ್ಕಳು, ಆಮೇಲೆ ಅವಳೇ ಮೊದಲು ಓದಿದ್ದು. ಪಟ್ಟಿಗೆ ಮುಂಚೆ ಮೂರು ಅಕ್ಷರ ಕಂಡಿತು, ಮಧ್ಯದ್ದು ಇನ್ನೂ ಅನುಮಾನ. ಪಾಟಿಯ ತಂಗಿ ಈಗಲೂ ಕಾಲನಿಯಲ್ಲೇ ಇದ್ದಾರೆ. ಕುಲದೈವ ಕೇಳಿದ್ದೇ ತಡ, ಅಡಿಕೆ ಉಗಿದು ಬಂದು, "ಕರುಪ್ಪಣ್ಣಸಾಮಿ, ಪಚ್ಚಮಲೈ ಬೆಟ್ಟದ ಬುಡದಲ್ಲಿ" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀನು ಯಾವತ್ತು ಕೇಳಿದ್ದೆ?"

ಪಚ್ಚಮಲೈ ಅಂದರೆ ತುರೈಯೂರು ಹತ್ತಿರ. ತುರೈಯೂರು ಆಗ ಮುಸಿರಿ ತಾಲ್ಲೂಕಿಗೇ ಸೇರಿತ್ತಂತೆ. ಆ ಭಾಗದಲ್ಲಿ ನಮ್ಮ ಮೂರಕ್ಷರಕ್ಕೆ ಹೊಂದುವ ಪಟ್ಟಿ ಎರಡೇ ಇವೆ. ಮುಂದಿನ ತಿಂಗಳು ಹೊರಟಿದ್ದೇವೆ, ಚಿಕ್ಕ ಪಾಟಿಯೂ ಬರ್ತಾರಂತೆ.

ಪುತ್ತೂರಜ್ಜ:
ಭಾರೀ ಖುಷಿ ಆಯ್ತು. ಕಾರ್ಡು ಮನೆಯಲ್ಲೇ ಇರಲಿ, ಜೆರಾಕ್ಸ್ ಸಾಕು. ತಾತ-ಪಾಟಿ ಇಬ್ಬರೂ ಇರುವ ಆ ಪಾಸ್‌ಪೋರ್ಟ್ ಫೋಟೋ ಮಾತ್ರ ದೊಡ್ಡದು ಮಾಡಿಸಿಕೊಂಡು ಹೋಗಿ. ಗುಡಿಯ ಪೂಜಾರಿಗೆ ಮೊದಲು ಅದನ್ನೇ ತೋರಿಸಿ.