ಕಲಾದಗಿಯ ಪೈಲ್ವಾನ

"ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಮೊದಲ ಗೆಲುವು ತಂದವನು ನಮ್ಮವನು!" ಪಾಟೀಲರು ಮೊಬೈಲನ್ನು ಎಲ್ಲರ ಮುಖಕ್ಕೂ ಮಂಗಳಾರತಿಯಂತೆ ಬೆಳಗಿದರು. "ಲಾನ್ಸೆಸ್ಟನ್ ಎಲಿಯಟ್. ಹುಟ್ಟಿದ್ದು 1874ರಲ್ಲಿ, ಕಲಾದಗಿಯಲ್ಲಿ."

"ಎಲಿಯಟ್? ಯಾವ ಓಣಿಯವರು?" ಎಂದರು ರಾಯರು.

"ತಮಾಷೆ ಬೇಡ. ಆಗ ಕಲಾದಗಿ ಜಿಲ್ಲಾ ಕೇಂದ್ರ. ತಂದೆ ಬ್ರಿಟಿಷ್ ಸರ್ಕಾರದ ಅಧಿಕಾರಿ."

"ಅಂದರೆ ನೌಕರಿಗೆ ಬಂದವರ ಮಗ. ನನ್ನ ತಂಗಿಯ ಮಗ ಬಸ್ಸಿನಲ್ಲಿ ಹುಟ್ಟಿದ. ಅವನೇನು ಸಾರಿಗೆ ಸಂಸ್ಥೆಯ ಆಸ್ತಿಯೇ?"

"ಟಾಸ್ಮೇನಿಯಾದಲ್ಲಿ ಲಾನ್ಸೆಸ್ಟನ್ ಎಂಬ ಊರೇ ಇದೆಯಲ್ಲ, ಹೆಸರು ಅಲ್ಲಿಯದು" ಎಂದ ನಾಣಿ.

"ಸರಿಹೋಯಿತು. ಹೆಸರು ಟಾಸ್ಮೇನಿಯಾದ್ದು, ಮನೆತನ ಸ್ಕಾಟ್ಲೆಂಡಿನದು, ಪೈಲ್ವಾನನಾದದ್ದು ಇಂಗ್ಲೆಂಡಿನಲ್ಲಿ. ನೀವು ಯಾವ ಕಾಲು ಹಿಡಿದು ಎಳೆಯುತ್ತೀರಿ, ಪಾಟೀಲರೇ?"

"ಕಾಲಿನಿಂದಲೇ ಮೋಸವಾದದ್ದು! 1896, ಅಥೆನ್ಸ್. ಎರಡು ಕೈಯಲ್ಲಿ ಭಾರ ಎತ್ತುವ ಸ್ಪರ್ಧೆ. ಡೆನ್ಮಾರ್ಕಿನ ಯೆನ್ಸೆನ್ ಎತ್ತಿದ್ದೂ ನೂರಹನ್ನೊಂದೂವರೆ ಕಿಲೋ, ನಮ್ಮವನು ಎತ್ತಿದ್ದೂ ಅಷ್ಟೇ. ಎತ್ತುವಾಗ ಒಂದು ಪಾದ ಸರಿಯಿತೆಂದು ಎರಡನೆಯ ಸ್ಥಾನಕ್ಕೆ ತಳ್ಳಿದರು."

"ಬೆಳಗ್ಗೆ ಪರಿಚಯವಾದವನಿಗೆ ಸಂಜೆಯೊಳಗೆ ಅನ್ಯಾಯವೂ ಆಯಿತೇ! ನಾಳೆ ಬಂದ್ ಕರೆಯಿರಿ."

"ಒಂದೇ ಕೈಯಲ್ಲಿ 71 ಕಿಲೋ ಎತ್ತಿ ಸೇಡು ತೀರಿಸಿಕೊಂಡ. ಭುಜ ಉಳುಕಿಸಿಕೊಂಡಿದ್ದ ಯೆನ್ಸೆನ್ 57ಕ್ಕೇ ನಿಂತ."

"ಚಿನ್ನ?" ನಾಣಿ ಕೇಳಿದ.

"ಆಗ ಗೆದ್ದವನಿಗೇ ಬೆಳ್ಳಿಯ ಪದಕ, ಜೊತೆಗೊಂದು ಆಲಿವ್ ಟೊಂಗೆ."

"ನೋಡಿದಿರಾ, ನಮ್ಮವನೆಂದು ಗೊತ್ತಾದ ಕೂಡಲೇ ಚಿನ್ನಕ್ಕೂ ಕತ್ತರಿ!" ಎಂದು ರಾಯರು ತೊಡೆ ತಟ್ಟಿದರು.

ಪಾಟೀಲರು ಸೋಲಲಿಲ್ಲ. ಮುಂದೆ ಎಲಿಯಟ್ ರಂಗಮಂದಿರಗಳಲ್ಲಿ ಬಲಪ್ರದರ್ಶನಕ್ಕಿಳಿದನಂತೆ. ಹೆಗಲ ಮೇಲೆ ಕಬ್ಬಿಣದ ಸಲಾಕೆ, ಎರಡು ತುದಿಗೂ ಒಂದೊಂದು ಸೈಕಲ್, ಮೇಲೆ ಸವಾರ. ಇವನು ಗಿರಗಿರನೆ ತಿರುಗಿದರೆ ಸವಾರರು ಗಾಳಿಯಲ್ಲಿ ಅಡ್ಡಕ್ಕೆ ತೇಲುತ್ತಿದ್ದರು. ಕೊನೆಗೆ ಮೆಲ್ಬರ್ನಿಗೆ ಹೋಗಿ ನೆಲೆಸಿ, 1930ರಲ್ಲಿ ಅಲ್ಲೇ ತೀರಿಕೊಂಡ.

"ಪಾಪ" ಎಂದರು ರಾಯರು. ಈ ಸಲ ಅವರ ದನಿಯಲ್ಲಿ ಕೊಂಕು ಇರಲಿಲ್ಲ. "ಪಾಟೀಲರೇ, ನಿಮ್ಮೂರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದರಲ್ಲ?"

"ಎತ್ತುತ್ತಿದ್ದರು. ಒಬ್ಬನಂತೂ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದ. ನೆಲ ಗುದ್ದಿದ ಸದ್ದು ಇನ್ನೂ ಕಿವಿಯಲ್ಲಿದೆ. ಬೆಳ್ಳಿಯ ಕಡಗ ತೊಡಿಸಿದ್ದರು."

"ಅವನ ಹೆಸರು?"

ಪಾಟೀಲರು ಹಣೆ ಉಜ್ಜಿಕೊಂಡರು. ಅಭ್ಯಾಸಬಲದಿಂದ ಮೊಬೈಲನ್ನು ತೆಗೆದು, ಮತ್ತೆ ಜೇಬಿಗೆ ಹಾಕಿಕೊಂಡರು.

"ನಮ್ಮ ಓಣಿಯವನೇ" ಎಂದರು.