ಲಾವಕ್ಕಿಗೆ ಗೂಡೋ, ಪಂಜರವೋ, ಪೆಟ್ಟಿಗೆಯೋ?

ಮಿತ್ರರೇ,

ಮನೆಯ ಹಿತ್ತಲಿನಲ್ಲಿ ಜಪಾನಿ ಕ್ವೇಲ್ ಸಾಕುವವರಿಗಾಗಿ ಸಿದ್ಧವಾಗುತ್ತಿರುವ ಕಿರುಕೈಪಿಡಿಯೊಂದರ ಕನ್ನಡವನ್ನು ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಮೂವತ್ತು ಪುಟದ ಕೆಲಸ, ಎರಡು ಸಂಜೆಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಮೊದಲ ಪುಟದಲ್ಲೇ ಎರಡು ಪದಗಳು ಕಾಲಿಗೆ ತೊಡರಿಕೊಂಡವು. ಒಂದು ಹಕ್ಕಿಯ ಹೆಸರು, ಇನ್ನೊಂದು ಅದನ್ನು ಇಡುವ ಮನೆಯ ಹೆಸರು.

ಹಕ್ಕಿಯ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಕರಡಿನಲ್ಲಿ ಎಲ್ಲ ಕಡೆಯೂ ‘ಗೌಜಲಹಕ್ಕಿ’ ಎಂದಿದೆ. ನಾನು ಬಲ್ಲಂತೆ ಗೌಜಲಹಕ್ಕಿ ಎಂದರೆ ಹೊಲದ ಬದುವಿನಲ್ಲಿ, ಕುರುಚಲಿನಲ್ಲಿ ಜೋರಾಗಿ ಕೂಗಿ ಊರನ್ನೆಬ್ಬಿಸುವ ಬೂದು ಬಣ್ಣದ ಹಕ್ಕಿ. ಹಿಂದಿಯವರ ತೀತರ್, ಸಂಸ್ಕೃತದ ತಿತ್ತಿರಿಯ ಬಳಗದ್ದು. ಕ್ವೇಲ್ ಇದಕ್ಕಿಂತ ಬಹಳ ಚಿಕ್ಕದು, ಬೆಳೆದರೂ ಇನ್ನೂರು ಗ್ರಾಂ ಆಸುಪಾಸು, ಮುಷ್ಟಿಯಲ್ಲಿ ಹಿಡಿಸುತ್ತದೆ. ಅದಕ್ಕೆ ನಮ್ಮಲ್ಲಿ ಲಾವಕ್ಕಿ, ಲಾವುಗೆ ಎಂಬ ಹೆಸರುಗಳಿವೆ. ನಮ್ಮ ಕಡೆ ಬುರ್ಲಿ ಎನ್ನುವುದನ್ನೂ ಕೇಳಿದ್ದೇನೆ. ಲಾವುಗೆಯ ಹಿಂದೆ ಸಂಸ್ಕೃತದ ಲಾವಕ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪಟ್ಟಿಯಲ್ಲಿ ಕೋಳಿಕಾಳಗದ ಜೊತೆಗೆ ಲಾವಕಗಳ ಕಾಳಗವೂ ಬರುತ್ತದೆ. ಅಂದರೆ ಇಂದಿನ ಬೀದರ್ ಜಿಲ್ಲೆಯ ನೆಲದಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಈ ಹಕ್ಕಿಗೆ ಅದರದೇ ಹೆಸರಿತ್ತು. ನಾವು ಪಕ್ಕದ ಹಕ್ಕಿಯ ಹೆಸರನ್ನು ಎರವಲು ತರುವ ಅಗತ್ಯವಿರಲಿಲ್ಲ.

ಗೊಂದಲ ಎಲ್ಲಿಂದ ಬಂತು? ನನ್ನ ಅನುಮಾನ ತೆಲುಗಿನ ಮೇಲೆ. ಅಲ್ಲಿ ಸಾಕುವ ಕ್ವೇಲನ್ನೇ ಕೌಜುಪಿಟ್ಟ ಎನ್ನುತ್ತಾರೆ. ಗಡಿ ದಾಟಿ ಮರಿ ಬಂದಾಗ ಹೆಸರೂ ಬಂದು, ಕಿವಿಗೆ ಹತ್ತಿರವಿದ್ದ ಗೌಜಲಿನೊಳಗೆ ಸೇರಿಕೊಂಡಿರಬೇಕು. ತಮಿಳರು ಮಾತ್ರ ಕೌದಾರಿ (ಗೌಜಲು) ಬೇರೆ, ಕಾಡೈ (ಲಾವಕ್ಕಿ) ಬೇರೆ ಎಂದು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾರೆ. ಹೆಸರಿನಲ್ಲೇನಿದೆ ಎನ್ನಬೇಡಿ. ಕಾಡಿನ ಗೌಜಲನ್ನಾಗಲಿ ಲಾವಕ್ಕಿಯನ್ನಾಗಲಿ ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೆದ್ದಾರಿಯ ಪಕ್ಕದ ಹೋಟೆಲಿನವರು ‘ಗೌಜಲಹಕ್ಕಿ ಫ್ರೈ’ ಎಂದು ಫಲಕ ಬರೆಸಿದರೆ ಅಕ್ಷರಶಃ ತಪ್ಪೊಪ್ಪಿಗೆ ಬರೆದುಕೊಂಡಂತೆಯೇ. ಆದ್ದರಿಂದ ಕೈಪಿಡಿಯಲ್ಲಿ ‘ಜಪಾನಿ ಲಾವಕ್ಕಿ’ ಎಂದು ತಿದ್ದಿದ್ದೇನೆ. ಕಾಡಿನ ಲಾವಕ್ಕಿಯೆಂದು ಯಾರೂ ತಪ್ಪು ತಿಳಿಯದಂತೆ ‘ಜಪಾನಿ’ಯನ್ನು ಎಲ್ಲಿಯೂ ಬಿಡಬಾರದೆಂದು ಅಂಚಿನಲ್ಲಿ ಗೀಚಿದ್ದೇನೆ.

(ಗೌಜಲು ಎನ್ನುವುದು ಗದ್ದಲ ಎಂಬ ಅರ್ಥದ ಗೌಜಿನಿಂದ ಬಂದಿರಬಹುದೇ? ಆ ಹಕ್ಕಿಯ ಕೂಗು ಕೇಳಿದವರಿಗೆ ಹಾಗೆನಿಸುತ್ತದೆ. ನನಗೇನೋ ಸಂಸ್ಕೃತದಲ್ಲಿ ಇಂಥದೇ ಹಕ್ಕಿಯ ಹೆಸರಾದ ಕಪಿಂಜಲವೇ ಸವೆದು ಕವಿಂಜಲ, ಗೌಜಲ ಆಯಿತೆಂದು ತೋರುತ್ತದೆ. ಇದು ಊಹೆ ಅಷ್ಟೇ. ಪ್ರಾಕೃತ ಬಲ್ಲವರು ತಿದ್ದಬೇಕು.)

ಇನ್ನು ಮನೆಯ ಮಾತು. ಕರಡು ಬರೆದವರು ಒಂದು ಸಾಲಿನಲ್ಲಿ ‘ಗೂಡು’, ಮುಂದಿನ ಸಾಲಿನಲ್ಲಿ ‘ಪಂಜರ’, ಚಿತ್ರದ ಕೆಳಗೆ ‘ಕೇಜ್’ ಎಂದು ಬರೆದಿದ್ದಾರೆ. ಯಾವುದಾದರೂ ಒಂದನ್ನು ಉಳಿಸೋಣವೆಂದು ಹೊರಟು, ವಸ್ತುವನ್ನೇ ನೋಡಿ ಬರಲು ತುಮಕೂರಿನ ನನ್ನ ತಂಗಿಯ ಮನೆಗೆ ಹೋದೆ. ಅವಳ ಹಿತ್ತಲು ಎಂದರೆ ನೀರಿನ ತೊಟ್ಟಿಗೂ ಕಾಂಪೌಂಡಿಗೂ ನಡುವಿನ ನಾಲ್ಕಡಿ ಅಗಲದ ಪಟ್ಟಿ. ಅಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಮರದ ಚೌಕಟ್ಟು, ತಳಕ್ಕೆ ಅರ್ಧ ಅಂಗುಲ ಕಣ್ಣಿನ ತಂತಿಬಲೆ, ಮೇಲೆ ತಗಡು, ಒಳಗೆ ಹನ್ನೆರಡು ಹಕ್ಕಿ. ನಾನು ಬಗ್ಗಿ ನೋಡುತ್ತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಂದು ಹಕ್ಕಿ ನೆಟ್ಟಗೆ, ಚಿಮ್ಮಿಸಿದ ಗೋಲಿಯಂತೆ ಮೇಲಕ್ಕೆ ಹಾರಿ ಚಾವಣಿಗೆ ತಲೆ ಬಡಿದುಕೊಂಡಿತು. ಟಪ್ಪೆಂಬ ಮೆತ್ತನೆಯ ಸದ್ದು. ತಂಗಿ ತಗಡಿನ ಒಳಗೆ ಗೋಣಿತಾಟು ಬಿಗಿದದ್ದು ಇದಕ್ಕೇ. ಮೊದಲು ಮಾಡಿಸಿದ ಚೌಕಟ್ಟು ಎರಡಡಿ ಎತ್ತರವಿತ್ತಂತೆ. ವೇಗ ಹಿಡಿಯಲು ಬೇಕಾದಷ್ಟು ಜಾಗ, ಹಾರಿ ಉಳಿಯಲು ಸಾಲದಷ್ಟು. ಮೂರು ಹಕ್ಕಿಗಳ ನೆತ್ತಿ ಬೋಳಾದ ಮೇಲೆ ಅದನ್ನು ಒಂದಡಿಗೆ ಇಳಿಸಿದಳು.

‘ಇದೇನು ಗೂಡೇ? ಇಲಿಬೋನು’ ಎಂದರು ಅವಳ ಅತ್ತೆ, ಅಕ್ಕಿ ಆರಿಸುತ್ತಾ. ನನ್ನ ತೊಡಕನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಕೋಳಿ ಹಗಲೆಲ್ಲ ಕೆದಕಿಕೊಂಡು ತಿರುಗಿ ಸಂಜೆ ತಾನಾಗಿ ಬಂದು ಸೇರುವುದು ಗೂಡು. ಅದಕ್ಕೇ ‘ಗೂಡು ಸೇರು’ ಎನ್ನುತ್ತೇವೆ. ಮಲೆನಾಡಿನ ಒಡ್ಡಿಗೂ ಇದೇ ಲಕ್ಷಣ. ಲಾವಕ್ಕಿ ಬಾಗಿಲು ದಾಟಿತೋ, ಹೋಯಿತು. ಮರಳಿ ಬರುವ ಬುದ್ಧಿ ಅದಕ್ಕಿಲ್ಲ. ಸಾಕಿದ ತಳಿಗೆ ಕಾವು ಕೂರುವ ಗುಣವೂ ಬಹುತೇಕ ಹೋಗಿದೆ. ಹತ್ತು ಗ್ರಾಮಿನ ಚುಕ್ಕೆಮೊಟ್ಟೆಯನ್ನು ನಿಂತಲ್ಲೇ ಇಟ್ಟು ತುಳಿದುಕೊಂಡು ಹೋಗುತ್ತದೆ. ಮರಿ ಬೇಕಾದರೆ ಕಾವುಪೆಟ್ಟಿಗೆಯಲ್ಲಿ ಹದಿನೇಳು ಹದಿನೆಂಟು ದಿನ ಇಡಬೇಕು. ಗೂಡು ಎಂಬ ಮಾತಿನಲ್ಲಿ ಅಡಗಿರುವ ಮರಳುವಿಕೆ, ಮರಿಮಾಡುವಿಕೆ ಎರಡೂ ಇಲ್ಲಿಲ್ಲ.

ಹಾಗೆಂದು ಪಂಜರ ಎನ್ನಲು ಮನಸ್ಸಾಗದು. ಪಂಜರವೆಂದರೆ ಗಿಳಿ, ತೂಗುಕೊಂಡಿ, ಸೆರೆ. ಹಿತ್ತಲಿನಲ್ಲಿ ನಾಲ್ಕು ಮೊಟ್ಟೆಗಾಗಿ ಹಕ್ಕಿ ಸಾಕಲು ಬಂದವರಿಗೆ ಮೊದಲ ಪುಟದಲ್ಲೇ ಸೆರೆಮನೆಯನ್ನು ತೋರಿಸಬೇಕೇ? ಬೋನಿನ ಮಾತು ಬೇಡವೇ ಬೇಡ.

ಹೊಳೆದದ್ದು ಜೇನಿನಿಂದ. ಜೇನು ತಾನೇ ಕಟ್ಟಿದ್ದು ಜೇನುಗೂಡು, ನಾವು ಮಾಡಿಟ್ಟದ್ದು ಜೇನುಪೆಟ್ಟಿಗೆ. ಯಾವ ಸಮಿತಿಯೂ ಕೂತು ನಿರ್ಧರಿಸದೆ ಜನರೇ ಮಾಡಿಕೊಂಡ ಭೇದ ಇದು. ಬೀದಿಬದಿಯ ಅಂಗಡಿಯನ್ನೂ ಕೆಲವರು ಗೂಡಂಗಡಿ, ಕೆಲವರು ಪೆಟ್ಟಿಗೆ ಅಂಗಡಿ ಎನ್ನುತ್ತಾರೆ; ಎರಡು ಪದಗಳೂ ಹಳೆಯ ನೆರೆಹೊರೆಯವು. ಹಾಗಾಗಿ ‘ಲಾವಕ್ಕಿ ಪೆಟ್ಟಿಗೆ’ ಎಂದು ಬರೆದು ನೋಡಿದೆ. ತಂಗಿಗೆ ಒಪ್ಪಿಗೆಯಾಯಿತು. ಅವಳ ಅತ್ತೆ ಮಾತ್ರ, ಪೆಟ್ಟಿಗೆಗೆ ಗಾಳಿ ಆಡುವುದಿಲ್ಲವಲ್ಲ ಎಂದರು. ಆಕ್ಷೇಪ ಸರಿಯಾಗಿಯೇ ಇದೆ. ‘ಬಲೆಪೆಟ್ಟಿಗೆ’ ಎಂದರೆ ಮೀನು ನೆನಪಾಗುತ್ತದೆ.

ಗಂಡಿಗೆ ಏನೆನ್ನುವುದು ಎಂಬುದೂ ಬಾಕಿಯಿದೆ. ಕರಡಿನಲ್ಲಿ ‘ನಾಲ್ಕು ಹೇಂಟೆಗೆ ಒಂದು ಹುಂಜ’ ಎಂದಿದೆ. ಎದೆಯಲ್ಲಿ ಇಟ್ಟಿಗೆಗೆಂಪು, ಹೆಣ್ಣಿಗಿಂತ ಹಗುರ, ಜುಟ್ಟಿಲ್ಲ, ಕೊಕ್ಕೊಕ್ಕೋ ಎನ್ನುವುದಿಲ್ಲ. ಅದನ್ನು ಹುಂಜ ಎಂದರೆ ನಗು ಬರುತ್ತದೆ. ನವಿಲಿಗೆ, ಬಾತಿಗೆ ಹೇಳುವಂತೆ ಗಂಡು, ಹೆಣ್ಣು ಎಂದು ಸುಮ್ಮನಾಗಿದ್ದೇನೆ.

ಕೇಳುವುದಿಷ್ಟು: ಸಣ್ಣ ಹಕ್ಕಿಗಳನ್ನು ಕೂಡಿಡುವ, ನೆಲಕ್ಕೆ ತಾಗದಂತೆ ಕಾಲಿನ ಮೇಲೆ ನಿಲ್ಲಿಸಿದ ಬಲೆಯ ಮನೆಗೆ ನಿಮ್ಮ ಕಡೆ ಹೆಸರಿದೆಯೇ? ಗಿನಿಕೋಳಿ, ಪಾರಿವಾಳ, ಮೊಲ ಸಾಕುವವರ ಮಾತಾದರೂ ಸರಿ. ನಿಘಂಟಿನ ಪುಟಕ್ಕಿಂತ, ಯಾವ ಊರಿನಲ್ಲಿ ಯಾರ ಬಾಯಲ್ಲಿ ಕೇಳಿದ್ದೆಂದು ಬರೆದರೆ ನನಗೆ ಹೆಚ್ಚು ಉಪಕಾರ. ಬುರ್ಲಿ ಎನ್ನುವವರು ಯಾವ ಹಕ್ಕಿಯನ್ನು ಹಾಗೆ ಕರೆಯುತ್ತೀರೆಂಬುದನ್ನೂ ತಿಳಿಸಿ.